ಹಿಮದ ಬಾಬ್ತು

ಆ ವರ್ಷ ಮಾರ್ಚಿನವರೆಗೆ ಹಿಮ ಕಡಿಮೆ ಬಿತ್ತು.
ಮೊದಲು ಕಂಡದ್ದು ನನಗೇ,
ಕಿಟಕಿಯಲ್ಲಲ್ಲ, ಖಾತೆಯಲ್ಲಿ:
ಹಿಮ ತೆಗೆಯುವ ಬಾಬ್ತಿನಲ್ಲಿ
ಎರಡು ಸಾವಿರದ ಮುನ್ನೂರ ನಲವತ್ತು ಲಾಟು
ಯಾರೂ ಮುಟ್ಟದೆ ಕೂತಿತ್ತು.

ಲಾಟ್ವಿಯಾದ ಪೂರ್ವದಂಚಿನ ಊರು. ನಾನು ವೆಲ್ಗಾ,
ಪುರಸಭೆಯ ಲೆಕ್ಕ ಬರೆಯುವವಳು.
ರೀಗಾದಲ್ಲಿ ಬ್ಯಾಂಕು ಕುಸಿದ ಸದ್ದು ಇಲ್ಲಿಗೆ ಮುಟ್ಟುವ ಹೊತ್ತಿಗೆ
ಬಾಗಿಲ ಚೌಕಟ್ಟು ಮಾಡುವ ಕಾರ್ಖಾನೆ
ಬಾಗಿಲು ಹಾಕಿಯಾಗಿತ್ತು.

ಸಾಲ ಕೊಟ್ಟವರು ದೂರದಿಂದ ಕಾಗದ ಬರೆದರು:
ಖರ್ಚು ಇಳಿಸಿ.
ಇಳಿಸಿದೆವು. ದಾದಿಯರ ಸಂಬಳ, ಮೇಷ್ಟರ ಸಂಬಳ, ನನ್ನದೂ.
ಬೀದಿದೀಪ ಒಂದು ಬಿಟ್ಟು ಒಂದು ಆರಿಸಿದೆವು.
ಅಧ್ಯಕ್ಷ ಗುಂತಿಸ್ ಮೇಜು ಕುಟ್ಟಿ ಹೇಳಿದ:
ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು.

ನಾನು ಮತವಿಲ್ಲದವಳು, ಮೂಲೆಯಲ್ಲಿ ಕೂತು ಬರೆದುಕೊಳ್ಳುವವಳು.
ಬರೆದುಕೊಂಡೆ. ಬರೆಯುತ್ತ ಅನ್ನಿಸಿತು:
ಒಬ್ಬ ಕಾಲು ಮಡಚಿದರೆ ಜಾಣತನ,
ಊರಿಗೆ ಊರೇ ಒಂದೇ ರಾತ್ರಿ ಮಡಚಿಕೊಂಡರೆ
ಹಾಸಿಗೆ ನೇಯುವವನು ಏನು ತಿನ್ನಬೇಕು?
ಅವನೂ ಮಡಚುತ್ತಾನೆ.
ನಾಳೆ ಹಾಸಿಗೆ ಇನ್ನೊಂದು ಗೇಣು ಗಿಡ್ಡ.

ಸೆಪ್ಟೆಂಬರಿನಲ್ಲಿ ಕೆಲಸವಿಲ್ಲದವರಿಗೆ ತಿಂಗಳಿಗೆ ನೂರು ಲಾಟು.
ಕುಂಟೆ ಕೊಟ್ಟು ಉದ್ಯಾನಕ್ಕೆ ಬಿಟ್ಟೆವು.
ಗುಡಿಸಿದರು. ಮೇಪಲ್ ಎಲೆ ಗುಡ್ಡೆಯಾಯಿತು,
ಗಾಳಿ ಬಂತು, ಮತ್ತೆ ಗುಡಿಸಿದರು.
ಇಪ್ಪತ್ತೆರಡು ವರ್ಷ ಓಕ್ ಮರ ಕೆತ್ತಿದ ಇಲ್ಮಾರ್ಸನ ಕೈ
ಎಲೆಯ ತೂಕವನ್ನು ನಂಬಲಾರದೆ
ನಡುವೆ ನಡುವೆ ನಿಂತುಬಿಡುತ್ತಿತ್ತು.

ನಗಬೇಡಿ. ಆ ನೂರು ಲಾಟನ್ನು ನಾನು ಹಿಂಬಾಲಿಸಿದ್ದೇನೆ.
ಶುಕ್ರವಾರ ಸ್ಕೈದ್ರೀತೆಯ ಅಂಗಡಿಯ ಹಳೇಬಾಕಿಗೆ ಇಪ್ಪತ್ತು,
ಅವಳಿಂದ ಸೌದೆಯವನಿಗೆ,
ಸೌದೆಯವನಿಂದ ಹಲ್ಲಿನ ವೈದ್ಯೆಗೆ
(ಕೀವು ಕಟ್ಟಿದ ದವಡೆ ಬಿಕ್ಕಟ್ಟು ಮುಗಿಯಲೆಂದು ಕಾಯುವುದಿಲ್ಲ),
ವೈದ್ಯೆಯಿಂದ ಮತ್ತೆ ಸ್ಕೈದ್ರೀತೆಯ ಗಲ್ಲಾಪೆಟ್ಟಿಗೆಗೆ.
ಒಂದೇ ನೋಟು, ಮೂಲೆ ಹರಿದದ್ದು,
ಅಷ್ಟು ಮನೆಯ ಬಾಗಿಲು ತಟ್ಟಿ ಬಂತು.

ದೊಡ್ಡ ಹಣ ಬಂದದ್ದು ರಸ್ತೆಗೆ.
ರೀಗಾದ ಯಂತ್ರ, ರೀಗಾದ ಡಾಂಬರು,
ಯಂತ್ರ ನಡೆಸುವವನ ಬುತ್ತಿಯೂ ರೀಗಾದ್ದೇ.
ಹನ್ನೊಂದು ದಿನದಲ್ಲಿ ಕನ್ನಡಿಯಂಥ ರಸ್ತೆ.
ಅದರ ಮೇಲೆ ಮೊದಲು ಹೋದದ್ದು
ವಿಮಾನ ನಿಲ್ದಾಣದ ಬಸ್ಸು,
ಒಳಗೆ ನನ್ನ ತಂಗಿ ಇನೀತಾ,
ಐರ್ಲೆಂಡಿನ ಅಣಬೆ ಶೆಡ್ಡಿಗೆ ಹೊರಟವಳು.
ಒಂದು ಕುಲುಕೂ ಇರಲಿಲ್ಲ, ಅಂದಳು ಫೋನಿನಲ್ಲಿ.

ಆಮೇಲೆ ನಾನು ಮಾಡಿದ್ದು.
ಶಾಲೆಯ ಉತ್ತರದ ಗೋಡೆಗೆ ಹದಿನಾಲ್ಕು ಕಿಟಕಿ,
ಚೌಕಟ್ಟು ಲಡ್ಡಾಗಿ ಬೆಚ್ಚಗಿನ ಗಾಳಿಯೆಲ್ಲ ಹೊರಗೆ,
ಅಂದರೆ ಸೌದೆಯ ಬಾಬ್ತೂ ಹೊರಗೆ.
ಹಿಮದಿಂದ ಕಿಟಕಿಗೆ ಒಂದು ಗೆರೆ ಎಳೆದೆ,
ತುರ್ತು ಎಂದು ಬರೆದು ಗುಂತಿಸನ ರುಜುವಿಗೆ ಇಟ್ಟೆ.
ಅವನು ಓದದೆ ಹಾಕಿದ. ಓದಿಯೇ ಹಾಕಿದನೇನೋ.
ಇಲ್ಮಾರ್ಸ್ ಕುಂಟೆ ಒರಗಿಸಿ ಉಳಿ ಹಿಡಿದ,
ಉದ್ಯಾನದಿಂದ ಇಬ್ಬರು ಹುಡುಗರನ್ನು ಕರೆದುಕೊಂಡ.
ಅಕ್ಟೋಬರ್ ಪೂರ್ತಿ ಶಾಲೆಯಂಗಳದಲ್ಲಿ
ಅಗಸೆ ಎಣ್ಣೆಯ ವಾಸನೆ.

ಡಿಸೆಂಬರಿನಲ್ಲಿ ಹಿಮ ಬಿತ್ತು.
ಹತ್ತು ವರ್ಷಕ್ಕಾಗುವಷ್ಟು, ಒಟ್ಟಿಗೆ.
ಬಾಬ್ತು ಖಾಲಿ. ಗುಂತಿಸ್ ನನ್ನ ಕಡೆ ನೋಡಿದ.
ಕನ್ನಡಿಯಂಥ ರಸ್ತೆ ಮೂರು ದಿನ ಹೂತುಹೋಯಿತು,
ಆಂಬುಲೆನ್ಸ್ ಒಂದು ಅರ್ಧ ದಾರಿಯಲ್ಲಿ ನಿಂತಿತು.
ಜನ ಸಲಿಕೆ ಹಿಡಿದು ಬಂದರು, ಸಂಬಳವಿಲ್ಲದೆ, ಬೈಯುತ್ತ.
ಒಳಗಿದ್ದ ಮುದುಕ ಬದುಕಿದ,
ಕಾಲಿನ ಎರಡು ಬೆರಳು ಉಳಿಯಲಿಲ್ಲ.
ಅದನ್ನೂ ಬರೆದುಕೊಂಡಿದ್ದೇನೆ,
ಅದಕ್ಕೆ ಬಾಬ್ತು ಸಿಕ್ಕಿಲ್ಲ.

ಫೆಬ್ರವರಿಯಲ್ಲಿ ತಪಾಸಣೆಯವಳು ಬಂದಳು:
ಹಿಮದ ಹಣ ಕಿಟಕಿಗೆ ಹೇಗೆ ಹೋಯಿತು?
ಉತ್ತರ ಗೊತ್ತಿರಲಿಲ್ಲ, ಉತ್ತರದ ಗೋಡೆಗೆ ಕರೆದೊಯ್ದೆ.
ಗಾಜಿನಂಚಿನ ಪುಟ್ಟಿಯಲ್ಲಿ ಒಣಗಿದ ಹೆಬ್ಬೆರಳ ಗುರುತು,
ಹದಿನಾಲ್ಕಕ್ಕೂ ಒಂದೇ ಹೆಬ್ಬೆರಳು.
ತನ್ನದನ್ನು ಅದರಲ್ಲಿ ಒತ್ತಿ ನೋಡಿದಳು, ಮುಳುಗಿತು.
ಆಮೇಲೆ ಕೋಟು ಕಳಚಿ, ಮಕ್ಕಳ ಬೆಂಚಿನ ಮೇಲಿಟ್ಟು,
ಅಲ್ಲೇ ಕೂತು
ಆಕ್ಷೇಪಣೆ ಬರೆದಳು.