ಗುಂಡಿ ಹಚ್ಚಿದ ಕೈ

ಸಿನೆಮಾದಾಗ ನೀವು ನನ್ನ ನೋಡೀರಿ.
ಖರೇನ. ಹನ್ನೊಂದು ಸೆಕೆಂಡು.
ಹೀರೋಯಿನ್ ದೀಪದ ಮುಂದ ಕುಂತು
ನಸುಕಿನ್ಯಾಗ ಲಡಾಯಿಗೆ ಹೋಗೋ ಬೇಡರ ಹುಡುಗನ ಅಂಗಿಗೆ
ಗುಂಡಿ ಹಚ್ತಾಳಲ್ಲ,
ಆ ಮುಖ ಮುಂಬೈದು,
ಕೈ ರಂಗಂಪೇಟಿದು.

ಅಕಿಗೆ ಸೂಜ್ಯಾಗ ದಾರ ಪೋಣಸ್ಲಕ ಬರ್ಲಿಲ್ಲ.
ಉಗುರು ಬ್ಯಾರೆ ಉದ್ದ.
ಮೂರು ತಾಸು ಕಾದು, ಬ್ಯಾಟರಿ ಹಿಡಕೊಂಡು ಒಬ್ಬ ಹುಡುಗ
ನಾವು ಕೆಂಪು ಕೋಟು ಹೊಲಿಯೋ ಟೆಂಟಿಗೆ ಬಂದ.
ಎಲ್ಲಾರ ಕೈ ತಿರುವಿ ತಿರುವಿ
ಸಂತ್ಯಾಗ ಎತ್ತಿನ ಹಲ್ಲು ನೋಡ್ದಂಗ ನೋಡಿ
ನನ್ನ ಆರಿಸ್ದ.

ಅಷ್ಟೊತ್ತಿಗೆ ಎಂಬತ್ತು ಕೋಟು ಹೊಲ್ದಿದ್ವಿ, ಕಂಪನಿ ಸರಕಾರದ್ದು.
ಬಣ್ಣದ ನೀರಿನ ಚೀಲ ಇಡ್ಲಕ
ಎದಿ ಒಳಗ ಒಂದೊಂದು ಕಳ್ಳ ಕಿಸೆ.
ವಾಗಣಗೇರಿ ಹುಡುಗೂರು ಮುಂಜಾನಿ ಬೇಡರಾಗಿ ಸತ್ತು,
ಉಪ್ಪಿಟ್ಟು ತಿಂದು,
ಮಧ್ಯಾಹ್ನ ಅದೇ ಕೋಟು ತೊಟ್ಟು ಮತ್ತೊಮ್ಮೆ ಸತ್ರು.
ಒಂದು ಸಾವಿಗೆ ನಾಕನೂರು.
ಪರಸಪ್ಪ ಅಂತೂ ಸಿನೆಮಾದಾಗ
ಬಂಡಿ ಮರೆಗೆ ನಿಂತು ಗುಂಡು ಹಾರಿಸ್ತಾನ,
ಆ ಗುಂಡು ತಗಲಿ ಬೀಳಾವನೂ ಅವನೇ.

ಹಸರು ಬಳಿ ತಗೀ ಅಂದ್ರು.
ಲಗ್ನ ಆದಾಗಿಂದ ಬರಿಗೈ ಆಗಿದ್ದಿಲ್ಲ.
ಸಾಬೂನು ಹಚ್ಚಿ ಒಂದೊಂದೇ ಜಾರಿಸಿ
ಚಾದ ಕಪ್ಪಿನ್ಯಾಗ ಇಟ್ಟೆ.
ಬೆರಳ ತುದಿಗಿನ ಸೂಜಿ ಕಲಿಗೆ ಪೌಡರ್ ಬಳದ್ರು.
ಹೀರೋ ಬಂದು ಎದುರಿಗೆ ನಿಂತ.
ಅಂಗಿ ಅವನ ಮೈಮ್ಯಾಲೇ ಇತ್ತು.

"ಪ್ರೀತಿಲೆ ಹಚ್ಚಮ್ಮ" ಅಂತ ಡೈರೆಕ್ಟರು, ಕತ್ತಲಿನಿಂದ.
ಪ್ರೀತಿಲೆ ಹ್ಯಾಂಗ ಹಚ್ತಾರೋ!
ನಾಕು ತೂತು, ಎಂಟು ಸುತ್ತು, ಹಿಂದೊಂದು ಗಂಟು,
ಇಷ್ಟೇ ನನಗ ಗೊತ್ತಿದ್ದದ್ದು.
ಮೈಮ್ಯಾಲಿನ ಅಂಗಿ ಹೊಲಿಬಾರದು ಅಂತಾರ ನಮ್ಮ ಕಡಿ.
ಹೊಲಿಯೋದೇ ಬಂದ್ರ ಬಾಯಾಗ ದಾರ ಕಚ್ಚಿರಬೇಕು,
ಇಲ್ಲಂದ್ರ ತೊಟ್ಟಾವಗ ಕೇಡು.
ಸುಮ್ಮನ ಕಚ್ಚಿಕೊಂಡೆ.
ಕ್ಯಾಮೆರಾಕ ನನ್ನ ಬಾಯಿ ಎಲ್ಲಿ ಬೇಕಿತ್ತು?

ಹದಿನಾಕು ಸಲ ಹಚ್ಚಿದೆ.
ಹದಿನಾಕು ಸಲ ಕತ್ತರಿ ಹಾಕಿದ್ರು.
ಬಟ್ಟಿ ಹಿಂದಿನ ಎದಿ ಬೆರಳಿಗೆ ಬಡೀತಿತ್ತು.
ಹದಿನೈದನೇದಕ್ಕ ಎಲ್ಲಿಂದಲೋ ಅಂಜಿಕಿ ಬಂತು:
ಈ ಹುಡುಗ ಖರೇನ ಹೋದ್ರ?
ಕೈ ನಡುಗ್ತು.
"ಓಕೆ" ಅಂದ್ರು.

ನಮ್ಮಜ್ಜಿಯ ಅಜ್ಜಿ ಕಾಲಕ್ಕ
ಇದೇ ಸುರಪುರದ ಗುಡ್ಡದಾಗ ಖರೇ ಲಡಾಯಿ ಆಗಿತ್ತಂತ.
ಅಕಿದು ಒಂದೇ ಮಾತು ಉಳದದ ಮನ್ಯಾಗ:
ಅವ ಹೊಂಟಾಗ ಅಕಿ ರೊಟ್ಟಿ ಬಡೀತಿದ್ಲು,
ತಿರುಗಿ ನೋಡಲಿಲ್ಲ,
ಹಂಚಿನ ಮ್ಯಾಲಿನ ರೊಟ್ಟಿ ಕರ್ರಗಾತು.
ಅಷ್ಟೇ.
ದೀಪ ಇಲ್ಲ, ಹಾಡಿಲ್ಲ.
ಅವನ ಅಂಗಿಗೆ ಗುಂಡಿ ಇತ್ತೋ, ಕಸಿ ಕಟ್ತಿದ್ನೋ,
ಡೈರೆಕ್ಟರಿಗೆ ಕೇಳಬೇಕಂದಿದ್ದೆ. ಬಿಟ್ಟೆ.

ಸಿನೆಮಾ ಶಹಾಪುರಕ್ಕ ಬಂದಾಗ
ನಮ್ಮ ಅಯ್ಯಾಳಪ್ಪನ ಟಂಟಂನಾಗ ಹದಿಮೂರು ಮಂದಿ.
ಪರದೆ ಮ್ಯಾಲ ನನ್ನ ಕೈ ಅಗಸಿ ಬಾಗಲದಷ್ಟು!
"ನೋಡು, ನೋಡು" ಅಂತ ತಿವಿದ್ರ
ಗಂಡ ಅಕಿ ಮುಖ ಯಾವಾಗ ಬರ್ತದಂತ ಕಾಯ್ಲಕತ್ತಿದ್ದ.
ಇಂಟರ್ವಲ್ ಆದ ಮ್ಯಾಲ
ಗುಂಡಿ ಇದ್ದಲ್ಲೇ ಗುಂಡು.
ದಾರ ಹರಿದು ಅದು ಕಲ್ಲ ಮ್ಯಾಲ ಉರುಳಿ ಉರುಳಿ ಬಂತು.
ಆರಿಸಿದ ಕೈ ಮಾತ್ರ ಅಕಿದೇ, ಉದ್ದ ಉಗುರು.
ಥೇಟರ್ ತುಂಬ ಮೂಗು ಸೀಟೋ ಸಪ್ಪಳ.
ನನಗ ತಡಿಲಿಲ್ಲ, ಜೋರಾಗೇ ಅಂದೆ:
ಎಂಟು ಸುತ್ತು ಹಾಕೀನಿ, ಹಂಗ ಹರೀತದೇನು? ಸುಳ್ಳು.
ಮುಂದಿನ ಸಾಲಿನ ಹೆಂಗಸು ತಿರುಗಿ ಶ್ ಅಂದ್ಲು.

ರಾತ್ರಿ ಅಯ್ಯಾಳಪ್ಪ ಬಾಗಲಾಗ ನಿಂತ.
ಯುಗಾದಿಯಿಂದ ಅವನ ಅಂಗಿಯ ಎರಡನೇ ಗುಂಡಿ ಇಲ್ಲ, ಪಿನ್ನು.
"ನನಗೂ ಒಂದು ಹಚ್ಚಬಾರದಾ?"
ತಗದು ಕೊಡು ಅಂದೆ.
ತಗೀಲಿಲ್ಲ.
ಲೈಟಿನ ಕೆಳಗ ಬಂದು ಗದ್ದ ಮ್ಯಾಲ ಮಾಡಿ ನಿಂತ,
ಕ್ಷೌರಕ್ಕ ನಿಂತಂಗ.
ಡಬ್ಬ್ಯಾಗ ಬಿಳಿ ದಾರ ಮುಗಿದಿತ್ತು.
ಕೆಂಪಿನದೇ ಒಂದು ಎಳಿ ಹರಕೊಂಡು
ಬಾಯಾಗ ಕಚ್ಚಿದೆ.