ಅರ್ಜಿ ಮುತ್ಯಾ

ಇಂಡಿ ತಹಶೀಲ ಕಚೇರಿ ಮುಂದ, ಬೇವಿನ ಗಿಡದ ಬುಡಕ
ಮೇಜು ನಂದು. ಒಂದು ಕಾಲು ಗಿಡ್ಡ.
ಅದಕ್ಕ ಒತ್ತು ಕೊಟ್ಟ ಪುಸ್ತಕ
ಯಾರು ಇಟ್ಟರೋ ನೆನಪಿಲ್ಲ.
ಮಳಿ ಹಿಡದು ಗಿರಾಕಿ ಬರದ ಒಂದು ಸೋಮವಾರ
ತಗದು ನೋಡಿದೆ: ಅಮೇರಿಕಾದ ಒಬ್ಬ ಮುದುಕನ ಚರಿತ್ರಿ.
ರಟ್ಟಿಲ್ಲ. ನೂರಾ ಹನ್ನೆರಡನೇ ಪುಟದ ಮುಂದ
ಗೆದ್ದಲ ತಿಂದ ಮಣ್ಣು.

ಹೆಸರು ನಾಲಿಗಿಗೆ ಹೊಳ್ಳಲಿಲ್ಲ.
ಅರ್ಜಿ ಮುತ್ಯಾ ಅಂತ ನಾನ ಕರದೆ.

ದೊಡ್ಡ ದೊಡ್ಡ ಖುರ್ಚಿ ಎಲ್ಲಾ ಹತ್ತಿ ಇಳದಿದ್ದ,
ಮನ್ಯಾಗ ಮೊಮ್ಮಕ್ಕಳ ಆಡಸೂ ವಯಸ್ಸು.
ಊರ ಮಂದಿ ಆರಿಸಿ ಕಳಸಿದ್ರು ಅಂತ
ಕೆಳಗಿನ ಸಭಾದಾಗ ಹೋಗಿ ಕುಂತ.
ಕೈ ನಡುಗತಿತ್ತು, ಕಣ್ಣು ಸೋರತಿತ್ತು,
ಧ್ವನಿ ಹರಕ ಹಲಗಿ ಬಡದಂಗ,
ಚಂದಿಲ್ಲ, ಖರೆ ಅಗಸಿ ತನಕ ಕೇಳತಿತ್ತು.
ಸೋಮವಾರ ಬಂತಂದ್ರ ಎದ್ದು ನಿಂದರಾಂವ.
ಕಂಕುಳಾಗ ಅರ್ಜಿ ಗಂಟು, ಗುಲಾಮರನ್ನ ಬಿಡ್ರಿ ಅಂತ
ಹೆಣ್ಣಮಕ್ಕಳು ಬರದದ್ದು, ಮೆಟ್ಟು ಹೊಲಿಯಾವರು ಬರದದ್ದು.
ಸಭಾ ಒಂದು ಠರಾವು ಮಾಡಿತು:
ಅರ್ಜಿ ಬಂದ್ರ ಮೇಜಿನ ಮ್ಯಾಲ ಇಡಬೇಕು. ಓದಬಾರದು.

ನಾನು ಒಬ್ಬನ ನಕ್ಕೆ.
ಬಾಜೂಕಿನ ಝೆರಾಕ್ಸ್ ಹುಡುಗ, "ಯಾಕ್ರೀ ನದಾಫ ಮಾಸ್ತರ?"
ಏನಿಲ್ಲೋ, ಅಮೇರಿಕಾದಾಗೂ ಆವಕ ವಿಭಾಗ ಇತ್ತಂತ.

ಆ ವರ್ಷ ನಾನೂ ಒಂದು ಬರದಿದ್ದೆ.
ಲಿಂಬಿ ತೋಟದ ಸಾಹುಕಾರನ ಕಡೆ
ಏಳನೂರು ರೂಪಾಯಿಗೆ ಮಗನ್ನ ಇಟ್ಟಿದ್ದಳು ಸಾಬವ್ವ.
ಹುಡುಗಗ ಆಗ ಒಂಬತ್ತು. ಬರಸಾಕ ಬಂದಾಗ ಹತ್ತೊಂಬತ್ತು.
ಸಾಲನೂ ಬೆಳದಿತ್ತು, ಹುಡುಗಗಿಂತ ಎತ್ತರ.
"ಏನಂತ ಬರೀಲಿ ಯವ್ವಾ?"
"ನನ್ನ ಮಗ ನನಗ ಬೇಕು. ಮತ್ತೇನ ಬರೀತಿ?"
ನಾನು ಕಾಯ್ದೆ, ಕಲಮು, ಇಸವಿ ತುರುಕಿ
ಎರಡು ಪುಟ ಮಾಡಿದೆ.
ಹೆಬ್ಬಟ್ಟು ಒತ್ತಿದಳು. ಸವದ ಹೆಬ್ಬಟ್ಟು,
ಗೆರಿ ಮೂಡಲಿಲ್ಲ. ಮತ್ತ ಒತ್ತಿದಳು.

ಒಳಗ ಗುಮಾಸ್ತ: "ಜೀತ ಇರಾಂವ ಮಗ,
ಅವ್ವ ಯಾಕ ಅರ್ಜಿ ಕೊಡತಾಳ? ಅವನ ಬಂದು ಕೊಡಲಿ."
ಬರಾಕ ಬಿಟ್ರ ಅಂವ ಜೀತದಾಂವ ಹೆಂಗ ಆದಾನ್ರೀ ಸಾಹೇಬ್ರ?

ಎಂಬತ್ನಾಕನೇ ಪುಟದಾಗ ಇದ ಐತಿ.
ಮುತ್ಯಾ ಎದ್ದು ಕೇಳತಾನ: ಅಧ್ಯಕ್ಷರ,
ಈ ಕಾಗದಕ್ಕ ಗುಲಾಮರ ಸಹಿ ಐತಿ ಅಂತಾರ,
ಕೊಡಬಹುದೋ, ಕೊಡಬಾರದೋ?
ಸಭಾ ಕೆರಳಿ ಎದ್ದಿತು. ಸುಡ್ರಿ ಅಂದ್ರು,
ಮುದುಕನ್ನ ಹೊರಗ ಹಾಕ್ರಿ ಅಂದ್ರು.
ಕೊಟ್ಟಿಲ್ಲ ಇನ್ನಾ, ಅಂದ.
ಕೇಳಾಕತ್ತೇನಿ ಅಷ್ಟ.

ನಮ್ಮದು ಹಿಂಜೂ ಮನಿತನ.
ಅಟ್ಟದ ಮ್ಯಾಲ ಅಜ್ಜನ ಬಿಲ್ಲು ಐತಿ, ನರ ಹರದೈತಿ.
ಅವನ ಅಜ್ಜನ ಕಾಲಕ್ಕ ಅಮೇರಿಕಾದಾಗ ಯುದ್ಧ ಹತ್ತಿ
ನಮ್ಮ ಹತ್ತಿ ಬೆಳ್ಳಿ ತೂಗಿತಂತ.
ಯಾರ ಬೇಡಿ ಕಳಚೂ ಸಪ್ಪಳವೋ,
ನಮ್ಮ ಮನ್ಯಾಗ ರೊಕ್ಕ ಎಣಿಸಿದಂಗ ಕೇಳಿತ್ತು.
ಇದನ್ನ ಮನ್ಯಾಗ ಯಾರೂ ಹಿಂಗ ಹೇಳಿದ್ದಿಲ್ಲ.

ಗೆದ್ದಲ ತಿಂದದ್ದನ್ನ ವಕೀಲ ಕುಲಕರ್ಣಿ ಹೇಳಿದ,
ಚಾ ಕುಡೀತ, ಗಡಿಬಿಡಿಲೆ:
ಆ ಠರಾವು ಅವನ ಕಣ್ಣ ಮುಂದ ಬಿತ್ತು.
ಗುಲಾಮಗಿರಿ ಬಿದ್ದದ್ದನ್ನ ಅಂವ ನೋಡಲಿಲ್ಲ.
ಸಭಾದಾಗ, ತನ್ನ ಮೇಜಿನ ಮ್ಯಾಲನ ಕುಸದ.
ಮತ್ತ ಚಾದ ರೊಕ್ಕ ನಾನ ಕೊಟ್ಟೆ.

ಪುಸ್ತಕ ಈಗ ನನ್ನ ಚೀಲದಾಗ ಐತಿ.
ಸೋಮವಾರಕ್ಕೊಮ್ಮೆ ಒಳಗ ಹೋಗತೇನಿ.
"ಮತ್ತ ಬಂದ್ರಿ?" ಅಂತಾನ ಗುಮಾಸ್ತ.
ಕೊಡಾಕಲ್ರಿ, ಕೇಳಾಕ.
ಇವತ್ತ ಫೈಲಿನ ದಾರ ಬಿಚ್ಚಿದ. ಓದಿದನೋ ಇಲ್ಲೋ,
ಕನ್ನಡಕ ಅಂತೂ ಹಾಕ್ಕೊಂಡ.

ಹೊರಗ ಸಾಬವ್ವ ಕುಂತಿದ್ದಳು.
ಫೀ ಬ್ಯಾಡ ಅಂದ್ರ ಕೇಳಲಿಲ್ಲ,
ಸೆರಗಿನಿಂದ ಐದು ಲಿಂಬಿಹಣ್ಣು ಮೇಜಿನ ಮ್ಯಾಲ ಇಟ್ಟಳು.
ಯಾರ ತೋಟದವು, ಯಾರ ಕೈ ಹರದವು,
ನಾನು ಕೇಳಲಿಲ್ಲ.
ಒತ್ತು ಇಲ್ಲದ ಮೇಜು ವಾಲಿ
ಒಂದು ಉಳ್ಳಿಕೋತ ಹೋತು
ಕಚೇರಿ ಬಾಗಲ ಕಡೆ.