ಮೂರನೆಯ ರೀಲು

ಉಪ್ಪಳ ಸ್ಟೇಷನ್ನಿನಲ್ಲಿ ನಾಲ್ಕು ಡಬ್ಬಿ ಇಳಿಯಬೇಕಿತ್ತು,
ಇಳಿದದ್ದು ಮೂರು.
ಮೂರನೆಯ ನಂಬರಿನದು ರೈಲಿನಲ್ಲೇ ಕೂತು
ಕಲ್ಲಿಕೋಟೆಗೋ ಶೊರನೂರಿಗೋ ಹೋಗಿಬಿಟ್ಟಿತ್ತು,
ಟಿಕೆಟ್ಟಿಲ್ಲದ ಮುದುಕನ ಹಾಗೆ.

ಫಿಲ್ಮ್ ಸೊಸೈಟಿಯ ಚಿಂಡನ್ ಮಾಸ್ತರರು
ಬೀಡಿ ಡಿಪೋದ ಗೋಡೆಗೆ ಪಂಚೆ ಬಿಗಿದು ಕಟ್ಟಿದ್ದರು.
ಇಂಗ್ಲಿಷು ಓದಿ ಹೇಳಬೇಕಾದ ಲೆಕ್ಚರರು
ಜ್ವರವೆಂದು ಚೀಟಿ ಕಳಿಸಿದ್ದರು.
"ನಮ್ಮ ವಾರಿಜ ಇದ್ದಾಳಲ್ಲ, ಹತ್ತನೇ ಪಾಸು," ಅಂದಳು ಕೊರಪೊಳು.
ಹಾಗೆ ನನ್ನನ್ನು ಪ್ರೊಜೆಕ್ಟರಿನ ಪಕ್ಕ
ಎಲೆಗೋಣಿಯ ಮೇಲೆ ಕೂರಿಸಿದರು.

ಪಂಚೆಯ ಮೇಲೆ ಇಟಲಿ, ಅದರ ಕಾಲಬುಡದಲ್ಲಿ ಇಂಗ್ಲಿಷು,
ನನ್ನ ಬಾಯಲ್ಲಿ ಶಾಲೆಯ ಕನ್ನಡ,
ಕೇಳುವವರ ಕಿವಿಯಲ್ಲಿ ತುಳು, ಬ್ಯಾರಿ, ಮಲೆಯಾಳ,
ಹಿಂದೆ ಪೈವಳಿಕೆಯ ಇಬ್ಬರ ಮರಾಟಿ.
ಒಂದು ಮಾತು ಗೋಡೆಯಿಂದ ಹೊರಟು
ಬೀಫಾತಿಮನ ಮಡಿಲು ಮುಟ್ಟುವಷ್ಟರಲ್ಲಿ
ಮೂರು ಬಸ್ಸು ಬದಲಿಸಿರುತ್ತಿತ್ತು.

ಚಿತ್ರದಲ್ಲಿ ಯುದ್ಧ ಮುಗಿದಿದೆ.
ಮುಗಿದದ್ದು ಗೊತ್ತಾಗುವುದು ಹೇಗೆಂದರೆ
ಒಬ್ಬಳು ಮುರಿದ ಗೋಡೆಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಾಳೆ.
ಮಹಡಿಯಿಲ್ಲ, ಮೆಟ್ಟಿಲಿದೆ,
ಆಕಾಶದವರೆಗೆ ಹತ್ತಿ ಸುಮ್ಮನೆ ನಿಂತಿದೆ.
ಒಬ್ಬ ಗಂಡಸು, ಮನೆಯಲ್ಲಿ ಉಳಿದದ್ದು ಬಾಗಿಲೊಂದೇ,
ಅದನ್ನು ಬೆನ್ನಿಗೆ ಹೊತ್ತು ಊರಿಡೀ ನಡೆಯುತ್ತಾನೆ
ಬಾಗಿಲಿಗೊಂದು ಗೋಡೆ ಹುಡುಕಿಕೊಂಡು.
ಹಿಂದೆ ಬಸುರಿ ಹೆಂಡತಿ. ಅವಳ ಕೈಯಲ್ಲಿ ಬೀಗದಕೈ.

"ಅವನು ನಟನಲ್ಲ," ಮಾಸ್ತರರು ನಡುವೆ ಬಾಯಿ ಹಾಕಿದರು,
"ನಿಜಕ್ಕೂ ಇಟ್ಟಿಗೆ ಹೊರುವವನು. ಬೀದಿಯೂ ನಿಜದ್ದೇ."
ಕತ್ತಲಿನಿಂದ ಚನಿಯಪ್ಪನ ಸ್ವರ:
"ದಿನಕ್ಕೆ ಎಷ್ಟು ಕೊಟ್ಟರಂತೆ?"
ಮಾಸ್ತರರಿಗೆ ಗೊತ್ತಿರಲಿಲ್ಲ.
ಬೆಳಕಿನ ಕೋಲಿನೊಳಗೆ ಹೊಗೆಯ ಜತೆ ಆ ಪ್ರಶ್ನೆ
ಬಹಳ ಹೊತ್ತು ಸುತ್ತುತ್ತಿತ್ತು.

ಎರಡನೆಯ ರೀಲಿನ ಕೊನೆಗೆ ಅವಳಿಗೆ ನೋವು.
ಯಾರೋ ಸಿಪಾಯಿ ಬಾಗಿಲು ತಟ್ಟಿ ನೋಡಿ ಬೆಲೆ ಕೇಳುತ್ತಿದ್ದಾನೆ.
ಪಂಚೆ ಬೆಳ್ಳಗಾಯಿತು.
ನಾಲ್ಕನೆಯದು ಶುರುವಾದಾಗ ಅವನ ಬೆನ್ನು ಬರಿದು,
ಅವಳ ತೋಳಲ್ಲೊಂದು ಗಂಟು.

"ನಡುವೆ ಏನಾಯಿತು ಮಾರಾಯ್ತಿ?"
ನಲವತ್ತು ಹೆಂಗಸರು. ಬೆಳಗ್ಗೆ ತಲಾ ಸಾವಿರ ಬೀಡಿ ಲೆಕ್ಕ ಕೊಡಬೇಕಾದವರು,
ನಿದ್ದೆ ಬಿಟ್ಟು ಕೂತವರು.
ನಾನು ಹೇಳಿದೆ: ಎರಡು ಕಲ್ಲಿನ ಮೇಲೆ ಬಾಗಿಲು ಹಾಸಿದ.
ಬೀದಿಯ ಹೆಂಗಸರು ಸುತ್ತ ಸೀರೆ ಹಿಡಿದರು.
(ಇಟಲಿಯಲ್ಲಿ ಸೀರೆ! ಯಾರೂ ಕೇಳಲಿಲ್ಲ.)
ಹೆಣ್ಣು ಮಗು. ಆಮೇಲೆ ಬಾಗಿಲನ್ನೇ ಸಿಗಿದು
ಬಾಣಂತಿಗೆ ನೀರು ಕಾಯಿಸಿದರು.
"ಹಾಗಾದರೆ ಸರಿ," ಅಂದಳು ಕೊರಪೊಳು,
ಕಾಲು ಚಾಚಿ, ಎಷ್ಟೋ ಹೊತ್ತಿನ ಉಸಿರು ಬಿಟ್ಟು.

ಮೂವತ್ತು ವರ್ಷ ಕಳೆದು, ತಿರುವನಂತಪುರದಲ್ಲಿ,
ಎಸಿಯ ಚಳಿಗೆ ಸೆರಗು ಹೊದ್ದು, ಪೂರ್ತಿ ನೋಡಿದೆ.
ಅವನು ಬಾಗಿಲು ಕೊಟ್ಟದ್ದು
ಎರಡು ಪ್ಯಾಕು ಫಾರಿನ್ ಸಿಗರೇಟಿಗೆ.
ಸಿಗರೇಟು ಕೊಟ್ಟು ಡಾಕ್ಟರನ್ನು ಕರೆತರುವಷ್ಟರಲ್ಲಿ ಹೊತ್ತು ಮೀರಿತ್ತು.
ಗಂಟಿನಲ್ಲಿ ಇದ್ದದ್ದು ಬಟ್ಟೆ. ಬರೀ ಬಟ್ಟೆ.
ಯಾರೂ ಅಳುವುದಿಲ್ಲ ಅದರಲ್ಲಿ.
ಟ್ರಾಮು ಬರುತ್ತದೆ, ಜನ ಹತ್ತುತ್ತಾರೆ.

ಕಳೆದ ತಿಂಗಳು ಬೀಡಿ ಪೆನ್ಶನ್ನಿನ ಸಾಲಿನಲ್ಲಿ
ಕೊರಪೊಳು ಸಿಕ್ಕಿದಳು.
ಎಲೆ ಮಡಚಿ ಮಡಚಿ ಸವೆದ ಹೆಬ್ಬೆಟ್ಟು,
ಮೆಷಿನ್ನು ಒಪ್ಪುವುದಿಲ್ಲ.
ಒರೆಸಿ ಒತ್ತಿ, ಒರೆಸಿ ಒತ್ತಿ, ಬದಿಗೆ ನಿಲ್ಲಿಸಿದ್ದರು.
ನನ್ನ ಮುಖ ನೋಡಿದ್ದೇ ಕೇಳಿದಳು:
"ಆ ಬಾಗಿಲ ಮೇಲೆ ಹುಟ್ಟಿದವಳಿಗೆ
ಈಗ ಎಷ್ಟು ಪ್ರಾಯ ಆದೀತು?"

ಹೇಳಲೇ ಅಂದುಕೊಂಡೆ.
ಬಾಯಿ ಎಂದಿನ ಹಾಗೆ ಬೇರೆಯದೇ ಓದಿತು:
ಯುದ್ಧ ಮುಗಿದ ವರ್ಷ, ಅಂದರೆ... ಎಪ್ಪತ್ತು ದಾಟಿತು, ಕೊರಪೊಳಕ್ಕ.

"ನನ್ನ ತಂಗಿಯ ಪ್ರಾಯ," ಅಂದಳು.
ಹೆಬ್ಬೆಟ್ಟನ್ನು ಸೆರಗಿಗೆ ಇನ್ನೊಮ್ಮೆ ಉಜ್ಜಿ,
"ಅವಳದಾದರೂ ಬೀಳುತ್ತದೋ ಏನೋ."